ಫೋರ್ ವೀಲ್ ಪಿಕಪ್‌ನ ಸದ್ದು ಮತ್ತು ಕಂಪನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು ಲಿವರ್ ಎಳೆದು ಬದಲಾಯಿಸುವ ಪಾರ್ಟ್‌ಟೈಮ್ ಫೋರ್ ವೀಲ್ ಡ್ರೈವ್ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ವ್ಯವಸ್ಥೆ) ಇರುವ ಹಳೆಯ ಪಿಕಪ್. ಮುಂದಿನ ಚಕ್ರಗಳಿಗೆ ಕೈಯಿಂದ ತಿರುಗಿಸುವ ಹಬ್ ಲಾಕ್‌ಗಳಿವೆ (ಚಕ್ರವನ್ನು ಆಕ್ಸಲ್‌ಗೆ ಸೇರಿಸುವ, ಬಿಡಿಸುವ ಕೊಂಡಿಗಳು). ಪ್ರತಿಸಲ ಇಳಿಯುವ ಬೇಸರಕ್ಕೆ ಅವನ್ನು ಲಾಕ್ ಮಾಡಿಯೇ ಬಿಟ್ಟಿರುತ್ತೇನೆ. ಈಚೆಗೆ ಮುಂದಿನ ಎರಡು ಟೈರ್‌ಗಳನ್ನು ಮಾತ್ರ ಹೊಸದಾಗಿ ಹಾಕಿಸಿದೆ. ಡಾಂಬರು ರಸ್ತೆಯಲ್ಲಿ 4ಎಚ್ (ನಾಲ್ಕೂ ಚಕ್ರಗಳಿಗೆ ಶಕ್ತಿ) ಹಾಕಿ ತಿರುಗಿಸಿದರೆ ಗಾಡಿ ಕುಪ್ಪಳಿಸಿ ಕಟಕಟ ಎನ್ನುತ್ತದೆ, ಲಿವರ್ 2ಎಚ್‌ಗೆ (ಹಿಂದಿನ ಎರಡೇ ಚಕ್ರಗಳಿಗೆ ಶಕ್ತಿ) ಮರಳಲು ಬಹಳ ಬಿಗಿಯಾಗುತ್ತದೆ. 2ಎಚ್‌ನಲ್ಲಿದ್ದಾಗಲೂ ಗಂಟೆಗೆ 80 ಕಿ.ಮೀ. ಆಸುಪಾಸಿನಲ್ಲಿ ಅಡಿಯಿಂದ ಗುಂಯ್ ಎಂಬ ಸದ್ದು ಬಂದು ಪಾದಗಳಿಗೆ ಕಂಪನ ತಾಗುತ್ತದೆ. ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆ) ಹೋಗಿದೆ, ಬದಲಾಯಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಅವರ ಮಾತು ಸರಿಯೇ?

ಉತ್ತರ: ನೀವು ಬರೆದಿರುವುದು ಒಂದಲ್ಲ, ಎರಡು ಬೇರೆಬೇರೆ ತೊಂದರೆಗಳು. ಎರಡಕ್ಕೂ ಟ್ರಾನ್ಸ್‌ಫರ್ ಕೇಸನ್ನೇ ಹೊಣೆ ಮಾಡಲು ಈಗ ಆಧಾರವಿಲ್ಲ. ಅದನ್ನು ಬಿಚ್ಚುವ ಮಾತು ಕೊನೆಗಿರಲಿ.

ಮೊದಲನೆಯದು ತಿರುವಿನಲ್ಲಿ ಕುಪ್ಪಳಿಸುವುದು. ಪಾರ್ಟ್‌ಟೈಮ್ ವ್ಯವಸ್ಥೆಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ (ಎರಡು ಕಡೆ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ಇರುವುದಿಲ್ಲ. 4ಎಚ್ ಹಾಕಿದೊಡನೆ ಆಕ್ಸಲ್‌ಗಳಿಗೆ ಶಕ್ತಿ ಒಯ್ಯುವ ಎರಡೂ ಪ್ರೊಪೆಲ್ಲರ್ ಶಾಫ್ಟ್‌ಗಳು ಒಂದಕ್ಕೊಂದು ಕಚ್ಚಿಕೊಂಡು ಒಂದೇ ವೇಗದಲ್ಲಿ ತಿರುಗಬೇಕಾಗುತ್ತದೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಸಾಗುವ ದಾರಿ ಹೆಚ್ಚು ಉದ್ದ. ಎರಡು ಆಕ್ಸಲ್‌ಗಳ ನಡುವೆ 3 ಮೀಟರ್ ಅಂತರವಿರುವ ಗಾಡಿಯ ಹಿಂದಿನ ಆಕ್ಸಲ್‌ನ ಮಧ್ಯಭಾಗವು 6 ಮೀಟರ್ ತ್ರಿಜ್ಯದಲ್ಲಿ ಪೂರ್ತಿ ಒಂದು ಸುತ್ತು ಹಾಕಿದರೆ ಸುಮಾರು 37.7 ಮೀಟರ್ ಸಾಗುತ್ತದೆ, ಮುಂದಿನದು ಸುಮಾರು 42 ಮೀಟರ್. ಈ ವ್ಯತ್ಯಾಸವನ್ನು ಕೆಸರಿನಲ್ಲೋ ಮರಳಿನಲ್ಲೋ ಚಕ್ರಗಳು ಜಾರಿ ಸರಿದೂಗಿಸಿಕೊಳ್ಳುತ್ತವೆ. ಒಣ ಡಾಂಬರಿನಲ್ಲಿ ಜಾರಲು ಆಗದೆ ಶಾಫ್ಟ್, ಗೇರು, ಆಕ್ಸಲ್‌ಗಳೆಲ್ಲ ತಿರುಚಿಕೊಂಡು ಬಿಗಿಯುತ್ತವೆ. ಆ ಬಿಗಿತ ಒಮ್ಮೆಲೇ ಸಡಿಲಿದಾಗ ನಿಮಗೆ ಕುಪ್ಪಳಿಕೆಯೂ ಕಟಕಟ ಸದ್ದೂ ಸಿಗುತ್ತವೆ. ಲಿವರ್ ಬಿಗಿಯಾಗುವುದಕ್ಕೂ ಇದೇ ಕಾರಣ. ಗಾಡಿಯನ್ನು ಕೆಲವು ಮೀಟರ್ ನೇರವಾಗಿ ಹಿಂದಕ್ಕೆ ಓಡಿಸಿದರೆ ಬಿಗಿತ ಇಳಿದು ಲಿವರ್ ಸಲೀಸಾಗಿ ಬರುತ್ತದೆ.

ಇದರ ಮೇಲೆ ನಿಮ್ಮ ಹೊಸ ಟೈರ್‌ಗಳ ಪಾಲೂ ಸೇರಿದೆ. ಹಿಂದಿನ ಟೈರ್‌ಗಳು 6 ಮಿ.ಮೀ. ಸವೆದಿದ್ದರೆ ಅವುಗಳ ವ್ಯಾಸ 12 ಮಿ.ಮೀ. ಕಡಿಮೆಯಾಗಿರುತ್ತದೆ. ಸುಮಾರು 730 ಮಿ.ಮೀ. ವ್ಯಾಸದ ಟೈರಿಗೆ ಇದು ಶೇ. 1.6ರಷ್ಟು ವ್ಯತ್ಯಾಸ, ಅಂದರೆ ನೇರ ರಸ್ತೆಯಲ್ಲಿಯೂ ಕಿಲೋಮೀಟರಿಗೆ 16 ಮೀಟರಿನಷ್ಟು ಎಳೆದಾಟ. ಹಾಗಾಗಿ ಫೋರ್ ವೀಲ್ ಗಾಡಿಗೆ ಟೈರ್‌ಗಳನ್ನು ಜೋಡಿಯಾಗಿ ಬದಲಾಯಿಸುವ ಉಳಿತಾಯ ನನಗೆ ಒಪ್ಪಿಗೆಯಿಲ್ಲ. ನಾಲ್ಕನ್ನೂ ಆಗಾಗ ಸ್ಥಾನಪಲ್ಲಟ ಮಾಡಿಸುತ್ತ, ಒಟ್ಟಿಗೇ ಬದಲಾಯಿಸುವುದು ಮೇಲು. 4ಎಚ್ ಅನ್ನು ಒಣ ಡಾಂಬರಿನ ಮೇಲೆ ಬಳಸಲೇಬೇಡಿ.

ಎರಡನೆಯದು, ಗುಂಯ್ ಎನ್ನುವ ಸದ್ದು, ಹೆಚ್ಚು ಗಮನ ಬೇಡುತ್ತದೆ. ಏನನ್ನಾದರೂ ಬಿಚ್ಚುವ ಮೊದಲು ಆ ಕಂಪನ ಯಾವ ಭಾಗದ ವೇಗವನ್ನು ಹಿಂಬಾಲಿಸುತ್ತಿದೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. 80 ಕಿ.ಮೀ. ವೇಗದಲ್ಲಿ ನಿಮ್ಮ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ. ಆಕ್ಸಲ್‌ನ ಗೇರ್ ಅನುಪಾತ 4 ಎಂದಿಟ್ಟುಕೊಂಡರೆ ಶಾಫ್ಟ್ ಸುಮಾರು 40 ಸುತ್ತು ತಿರುಗುತ್ತದೆ. ಚಕ್ರದ ಬ್ಯಾಲೆನ್ಸ್ ತಪ್ಪಿದ್ದರೆ ಸ್ಟೀರಿಂಗ್ ಅಥವಾ ಸೀಟು ನಿಧಾನವಾಗಿ, ಎಣಿಸಬಹುದೇನೋ ಅನ್ನಿಸುವ ಹಾಗೆ ಅದುರುತ್ತದೆ. ಶಾಫ್ಟ್‌ನ ತೊಂದರೆಯಾದರೆ ಅದು ಸದ್ದಿಗೆ ಸಮೀಪದ ಸಣ್ಣ ಕಂಪನವಾಗಿ ಪಾದಗಳಿಗೆ ತಾಗುತ್ತದೆ. ನೀವು ವರ್ಣಿಸಿರುವುದು ಈ ಎರಡನೆಯ ಬಗೆಯನ್ನು ಹೋಲುತ್ತದೆ.

ಹಬ್‌ಗಳನ್ನು ಲಾಕ್ ಮಾಡಿ ಬಿಟ್ಟಿರುವುದರಿಂದ 2ಎಚ್‌ನಲ್ಲಿಯೂ ಮುಂದಿನ ಚಕ್ರಗಳು ಆಕ್ಸಲ್ ಮತ್ತು ಮುಂದಿನ ಶಾಫ್ಟ್ ಅನ್ನು ಸುಮ್ಮನೆ ತಿರುಗಿಸುತ್ತಲೇ ಇರುತ್ತವೆ. ಆದ್ದರಿಂದ ಪರೀಕ್ಷೆ ಸುಲಭ, ಖರ್ಚೂ ಇಲ್ಲ: ಎರಡೂ ಹಬ್‌ಗಳನ್ನು ಫ್ರೀ ಮಾಡಿ, ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಓಡಿಸಿ ನೋಡಿ. ಸದ್ದು ಹೋದರೆ ದೋಷ ಮುಂದಿನ ಶಾಫ್ಟ್, ಅದರ ಜಾಯಿಂಟ್ (ಶಾಫ್ಟ್ ಬಾಗಿ ತಿರುಗಲು ಬಿಡುವ ಕೀಲು) ಅಥವಾ ಮುಂದಿನ ಆಕ್ಸಲ್‌ನಲ್ಲಿದೆ. ಹೋಗದಿದ್ದರೆ ಹಿಂಭಾಗವನ್ನೂ ಟೈರ್‌ಗಳನ್ನೂ ಪರೀಕ್ಷಿಸಬೇಕು. ರಸ್ತೆಯ ಮೇಲ್ಮೈ ಬದಲಾದಂತೆ ಬದಲಾಗುವ ಸದ್ದು ಬಹುಪಾಲು ಟೈರಿನದು. ಎಡಕ್ಕೋ ಬಲಕ್ಕೋ ವಾಲಿದಾಗ ಏರಿಳಿಯುವುದು ಚಕ್ರದ ಬೇರಿಂಗಿನದು. ಆಕ್ಸಿಲರೇಟರ್ ಒತ್ತಿದಾಗ ಒಂದು ರೀತಿ, ಬಿಟ್ಟಾಗ ಇನ್ನೊಂದು ರೀತಿ ಕೂಗುವುದು ಆಕ್ಸಲ್‌ನೊಳಗಿನ ಗೇರುಜೋಡಿಯಾದ ಕ್ರೌನ್ ಪಿನಿಯನ್‌ನದು.

ಶಾಫ್ಟ್ ಮೇಲೆ ಅನುಮಾನ ಬಂದರೆ ಸಮತಟ್ಟಾದ ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಚಕ್ರಗಳಿಗೆ ಅಡ್ಡ ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು ಜಾಯಿಂಟಿನ ಎರಡು ಬದಿಗಳನ್ನು ಹಿಡಿದು ಎದುರುಬದುರಾಗಿ ತಿರುಚಿ. ಜಾಯಿಂಟಿನ ನಡುವಿನ ಕೂಡುಗುರುತಿನಾಕಾರದ ಕ್ರಾಸ್‌ನಲ್ಲಿ ಕೈಗೆ ತಿಳಿಯುವಷ್ಟು ಆಟವಿದ್ದರೆ ಅದನ್ನು ಬದಲಾಯಿಸಬೇಕು. ಕ್ರಾಸ್‌ನ ತುದಿಗಳ ಲೋಹದ ಬಟ್ಟಲುಗಳ (ಕಪ್) ಸುತ್ತ ಕೆಂಪುಪುಡಿಯಂಥ ತುಕ್ಕು ಕಂಡರೆ ಒಳಗಿನ ಗ್ರೀಸ್ ಮುಗಿದು ಸೂಜಿ ಬೇರಿಂಗುಗಳು ಒಣಗಿವೆ ಎಂದರ್ಥ.

ಇನ್ನೊಂದು ಮಾತನ್ನು ಮೆಕ್ಯಾನಿಕ್‌ಗೆ ಖಂಡಿತ ಹೇಳಿ. ಬಾಗಿ ಕೆಲಸ ಮಾಡುವ ಇಂತಹ ಜಾಯಿಂಟ್ ಪ್ರತಿ ಸುತ್ತಿಗೆ ಎರಡು ಬಾರಿ ವೇಗವನ್ನು ಹೆಚ್ಚುಕಡಿಮೆ ಮಾಡುತ್ತದೆ. ಶಾಫ್ಟ್‌ನ ಎರಡು ತುದಿಯ ಜಾಯಿಂಟ್‌ಗಳು ಒಂದೇ ನೇರದಲ್ಲಿದ್ದು, ಅವುಗಳ ಕೋನಗಳೂ ಸಮವಾಗಿದ್ದರೆ ಮಾತ್ರ ಒಂದರ ಏರಿಳಿತವನ್ನು ಇನ್ನೊಂದು ರದ್ದುಮಾಡುತ್ತದೆ. ಬಿಚ್ಚುವಾಗ ಗುರುತು ಹಾಕಿಕೊಳ್ಳದೆ ಶಾಫ್ಟ್‌ನ ಉದ್ದ ಹೆಚ್ಚುಕಡಿಮೆಯಾಗಲು ಬಿಡುವ, ಹಲ್ಲುಗಳಿರುವ ಜಾರುವ ಭಾಗವನ್ನು ಒಂದೆರಡು ಹಲ್ಲು ತಪ್ಪಿಸಿ ಕೂರಿಸಿದರೆ, ಎಲ್ಲ ಬಿಡಿಭಾಗ ಹೊಸದಾದರೂ ಕಂಪನ ನಿಲ್ಲುವುದಿಲ್ಲ. ಹೊಸ ಕ್ರಾಸ್ ಹಾಕಿದ ಮೇಲೆ ಶುರುವಾದ ದೂರುಗಳಲ್ಲಿ ನಾನು ಮೊದಲು ಕೇಳುವುದು ಇದನ್ನೇ.

ಟ್ರಾನ್ಸ್‌ಫರ್ ಕೇಸ್‌ನ ದೋಷಕ್ಕೆ ಬೇರೆ ಲಕ್ಷಣಗಳಿವೆ. ಚೈನ್ ಇರುವ ಮಾದರಿಗಳಲ್ಲಿ ಅದು ಸಡಿಲಾಗಿದ್ದರೆ, 4ಎಚ್ ಅಥವಾ 4ಎಲ್‌ನಲ್ಲಿ (ನಾಲ್ಕೂ ಚಕ್ರಗಳಿಗೆ ಶಕ್ತಿ, ತಗ್ಗಿದ ವೇಗ) ಭಾರ ಎಳೆಯುವಾಗ ಚೈನ್ ಹಲ್ಲು ಹಾರಿ ಧಡ್ ಧಡ್ ಎಂದು ಬಡಿಯುತ್ತದೆ, ಅದೂ ನೇರವಾಗಿ ಹೋಗುವಾಗಲೇ. ಅಂಥದ್ದೇನನ್ನೂ ನೀವು ಬರೆದಿಲ್ಲ. ಸದ್ಯಕ್ಕೆ ಎಣ್ಣೆಯ ಮಟ್ಟ ನೋಡಿಸಿ. ಯಾವ ಎಣ್ಣೆ ಎಂಬುದನ್ನು ಗಾಡಿಯ ಕೈಪಿಡಿ ನೋಡಿಯೇ ನಿರ್ಧರಿಸಿ. ಕೆಲವು ಮಾದರಿಗಳಿಗೆ ಗೇರ್ ಆಯಿಲ್, ಹಲವಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ತೆಳು ಎಣ್ಣೆ ಬೇಕಾಗುತ್ತದೆ.

ಪ್ರಶ್ನೆ: ಖಾಲಿ ಇದ್ದಾಗ ಸರಿಯಾಗಿರುವ ನನ್ನ ಪಿಕಪ್, ಭಾರ ಹೇರಿದಾಗ ಮಾತ್ರ ಹೊರಡುವ ಹೊತ್ತಿಗೆ ನಡುಗುತ್ತದೆ. ಕಾರಣವೇನು?

ಉತ್ತರ: ಭಾರ ಬಿದ್ದಾಗ ಲೀಫ್ ಸ್ಪ್ರಿಂಗ್ ಕುಸಿದು ಶಾಫ್ಟ್‌ನ ಕೋನ ಬದಲಾಗುತ್ತದೆ. ನಿಮ್ಮದು ಎರಡು ತುಂಡಿನ ಶಾಫ್ಟ್ ಆಗಿದ್ದರೆ ಮೊದಲು ಅದನ್ನು ನಡುವೆ ಹಿಡಿದಿಡುವ ಸೆಂಟರ್ ಬೇರಿಂಗ್ ಸುತ್ತಲಿನ ರಬ್ಬರ್ ಹರಿದಿದೆಯೇ ಎಂದು ನೋಡಿಸಿ. ನಡುಕ ಕ್ಲಚ್ ಕಚ್ಚುವ ಹಂತದಲ್ಲಷ್ಟೇ ಇದ್ದು, ಪೆಡಲ್ ಪೂರ್ತಿ ಬಿಟ್ಟೊಡನೆ ನಿಂತರೆ ಕ್ಲಚ್ ಅನ್ನೂ ಎಂಜಿನ್ ಮೌಂಟ್‌ಗಳನ್ನೂ ಪರೀಕ್ಷಿಸಬೇಕು.

ಪ್ರಶ್ನೆ: 4ಎಲ್‌ನಲ್ಲಿ ಮಾತ್ರ ಗೇರು ಕೂಗುವ ಸದ್ದು ಬರುತ್ತದೆ. ರಿಪೇರಿ ಬೇಕೇ?

ಉತ್ತರ: ಬೇಡ. 4ಎಲ್‌ನಲ್ಲಿ ವೇಗ ತಗ್ಗಿಸುವ ಗೇರುಗಳು ಕೆಲಸಕ್ಕೆ ಇಳಿಯುತ್ತವೆ, 4ಎಚ್‌ನಲ್ಲಿ ಶಕ್ತಿ ನೇರವಾಗಿ ದಾಟುತ್ತದೆ. ಹಾಗಾಗಿ ಒಂದೇ ಸಮನಾದ ಸಣ್ಣ ಕೂಗು ಸಹಜ. ಕೂಗಿನ ಜೊತೆ ಕರಕರ ಸದ್ದು ಸೇರಿದರೆ, ಅಥವಾ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಜಾರಿದರೆ ಗ್ಯಾರೇಜಿಗೆ ಒಯ್ಯಿರಿ.