ಅಜ್ಜಿಯ ಗದೆಯನ್ನು ಮುಚ್ಚಿಡುವುದೇಕೆ?

ಪತ್ರ: ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಒಂದು ಫೋಟೊ ಸಿಕ್ಕಿತು. ಮೀಸೆ ಬರೆದುಕೊಂಡು, ಕಿರೀಟ ಇಟ್ಟು, ಗದೆ ಹಿಡಿದಿದ್ದಾರೆ. ನಾಟಕ ಕಂಪನಿಯಲ್ಲಿದ್ದರಂತೆ. ನಮಗೆಲ್ಲ ‘ಟೀಚರ್ ಆಗಿದ್ದರು’ ಎಂದೇ ಹೇಳಿದ್ದರು. ಅಣ್ಣನ ಮಗಳ ಮದುವೆ ಮಾತುಕತೆ ನಡೆದಿದೆ, ಅವನು ಸುಮ್ನಿರು ಎನ್ನುತ್ತಾನೆ. ಏನು ಮಾಡಲಿ?
- ಹೆಸರು ಬೇಡವೆಂದ ಓದುಗರು, ದಾವಣಗೆರೆ

ಉತ್ತರ: ಅಣ್ಣನ ಭಯ ಸುಳ್ಳಲ್ಲ. ಸಂಬಂಧ ನೋಡುವಾಗ ಜನ ಏನೆಲ್ಲ ಕೆದಕುತ್ತಾರೆ, ಗೊತ್ತು. ಆದರೆ ನಾನು ನಿಮ್ಮ ಅಜ್ಜಿಯ ಕಡೆ.

ಗದೆ ಎಂದ ಕೂಡಲೇ ಮೈಸೂರಿನ ಆರ್. ನಾಗರತ್ನಮ್ಮ ನೆನಪಾದರು. 1958ರಲ್ಲಿ ಅವರು ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಕಂಸ, ಭೀಮರೂ ಹೆಣ್ಣುಮಕ್ಕಳೇ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೇಶ ಪದ್ಮಶ್ರೀ ಕೊಟ್ಟ ಕೆಲಸ ನಿಮ್ಮ ಮನೆಯಲ್ಲಿ ಟ್ರಂಕಿನ ತಳ ಸೇರಿದೆ, ಅಲ್ವಾ?

ಹೆಸರಾಂತ ರಂಗನಟ ಏಣಗಿ ಬಾಳಪ್ಪನವರು ಹುಡುಗರಾಗಿದ್ದಾಗ ಸ್ತ್ರೀಪಾರ್ಟು ಮಾಡುತ್ತಿದ್ದರು. ಅದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಗಂಡು ಸೀರೆ ಉಟ್ಟರೆ ಹೆಮ್ಮೆ, ಹೆಣ್ಣು ಮೀಸೆ ಬರೆದುಕೊಂಡರೆ ಗುಟ್ಟು. ಇದ್ಯಾವ ನ್ಯಾಯ?

ಬೀಳಗಿಯ ಅಕ್ಕತಂಗಿಯರಾದ ಗೋಹರ್‌ಬಾಯಿ, ಅಮೀರ್‌ಬಾಯಿ ಇಬ್ಬರೂ ‘ಕರ್ನಾಟಕಿ’ ಎಂದೇ ಹೆಸರಾದರು. ಒಬ್ಬರು ಮರಾಠಿ ರಂಗಭೂಮಿಗೆ ಹೋದರು, ಇನ್ನೊಬ್ಬರು ಹಿಂದಿ ಸಿನಿಮಾದಲ್ಲಿ ಹಾಡಿದರು. ಊರೂರು ಸುತ್ತುವ ಕಂಪನಿಯ ಹೆಂಗಸರು ಮಾತ್ರ ಬಾಡಿಗೆ ಮನೆಗೂ ಅಂಗಲಾಚಬೇಕಿತ್ತು. ರಾತ್ರಿ ಒನ್ಸ್‌ಮೋರ್ ಕೂಗಿದವನೇ ಬೆಳಿಗ್ಗೆ ‘ಮನೆ ಖಾಲಿ ಇಲ್ಲ’ ಎನ್ನುತ್ತಿದ್ದ. ಕ್ಯಾಂಪ್ ಬದಲಾದಂತೆಲ್ಲ ಮಕ್ಕಳ ಶಾಲೆ ತಪ್ಪುತ್ತಿತ್ತು. ಹಾಗಾಗಿ ಎಷ್ಟೋ ತಾಯಂದಿರು ಮಕ್ಕಳನ್ನು ನೆಂಟರ ಮನೆಯಲ್ಲಿ ಬಿಟ್ಟರು. ಅಲ್ಲಿ ‘ಅಮ್ಮ ಏನು ಮಾಡ್ತಾಳೆ’ ಎಂದು ಕೇಳಿದರೆ ಒಂದು ಉತ್ತರ ಬೇಕಿತ್ತು. ನಿಮ್ಮ ಮನೆಯ ‘ಟೀಚರ್’ ಕೂಡ ಹಾಗೆಯೇ ಹುಟ್ಟಿರಬಹುದು. ಸುಳ್ಳು ಹೇಳಿಸಿದ್ದು ನಾವು, ಟಿಕೆಟ್ ಕೊಂಡು ಮುಂದಿನ ಸಾಲಿನಲ್ಲಿ ಕೂತವರು. ಈಗಲೂ ಪ್ರಶಸ್ತಿ ಕೊಟ್ಟ ದಿನ ಹಾರ ಹಾಕುತ್ತೇವೆ. ಮಾರನೆಯ ದಿನ ಅವರು ಎಲ್ಲಿ ಮಲಗಿದರು ಎಂದು ಕೇಳುವುದಿಲ್ಲ.

ಮೊದಲು ಆ ಹುಡುಗಿಗೆ ಫೋಟೊ ತೋರಿಸಿ. ಮದುವೆ ಅವಳದ್ದು, ಮುತ್ತಜ್ಜಿಯೂ ಅವಳದ್ದೇ. ಬೀಗರಿಗೆ ಹೇಳುವುದನ್ನು ಅವಳೇ ತೀರ್ಮಾನಿಸಲಿ. ಆಮೇಲೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಯಾವ ಕಂಪನಿ? ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಕ್ಯಾಂಪ್ ಹಾಕಿದ್ದರಾ? ಗದೆ ಹಿಡಿದದ್ದು ಭೀಮನಾ, ದುರ್ಯೋಧನನಾ? ಹಾಡು ಯಾವುದಾದರೂ ನೆನಪಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಟ್ರಂಕಿನಲ್ಲಿ ನಾಟಕದ ಕರಪತ್ರ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.