ಹೊಸ ಮಕ್ಕಳು ಒಗ್ಗಲು ಸಾಂಸ್ಕೃತಿಕ ದಿನ ಸಾಕಾ?

ಪ್ರಶ್ನೆ: ನಾನು ಪುತ್ತೂರು ಕಡೆಯ ಒಂದು ವಸತಿ ಮದರಸಾದಲ್ಲಿ ವಾರ್ಡನ್. ಹೊಸ ಮಕ್ಕಳು ಮನೆ ನೆನೆಸಿಕೊಂಡು ಅಳುತ್ತಾರೆ. ಅರ್ಧ ಮಕ್ಕಳದು ಬ್ಯಾರಿ ಭಾಷೆ, ಉಳಿದವರದು ಉರ್ದು. ಇಂಡೊನೇಷ್ಯಾದ ಪೆಸಾಂತ್ರೆನ್‌ಗಳಲ್ಲಿ, ಅಂದರೆ ಅಲ್ಲಿನ ವಸತಿ ಮದರಸಾಗಳಲ್ಲಿ, ಊರಿನ ಕಲೆ, ಪದ್ಧತಿಗಳಿಂದಲೇ ಮಕ್ಕಳನ್ನು ಒಗ್ಗಿಸುತ್ತಾರೆ ಅಂತ ಕೇಳಿದೆ. ಹೇಗೆ? ನಾವೂ ವರ್ಷಕ್ಕೊಂದು ಸಾಂಸ್ಕೃತಿಕ ದಿನ ಮಾಡಿದರೆ ಸಾಕಾ?

ಉತ್ತರ: ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಹಗಲು ವೇಷ ಹಾಕಿ ವೇದಿಕೆ ಹತ್ತಿದ ಹುಡುಗ ಅದೇ ರಾತ್ರಿ ದಿಂಬು ತಬ್ಬಿಕೊಂಡು ಅಳಬಹುದು.

ಜಾವಾದಲ್ಲಿ ‘ಕ್ರಸಾನ್’ ಅಂತ ಒಂದು ಮಾತಿದೆ. ಹೊಸ ಜಾಗ ಒಗ್ಗಿತು, ಇಲ್ಲೇ ಇರೋಣ ಅನ್ನಿಸಿತು ಅಂತ ಅರ್ಥ. ಪೆಸಾಂತ್ರೆನ್‌ನ ಹುಡುಗ, ಅಂದರೆ ಸಂತ್ರಿ, ಕ್ರಸಾನ್ ಆಗುವುದು ಹೆಚ್ಚಾಗಿ ಊಟದ ಹೊತ್ತಿನಲ್ಲಿ. ಅನೇಕ ಕಡೆ ನಾಲ್ಕೈದು ಹುಡುಗರು ಒಂದೇ ಹರಿವಾಣದ ಸುತ್ತ ಕೂತು ಉಣ್ಣುತ್ತಾರೆ, ಕೆಲವೊಮ್ಮೆ ಉದ್ದಕ್ಕೆ ಬಾಳೆ ಎಲೆ ಹಾಸಿ ಅದರ ಮೇಲೇ ಅನ್ನ ಸುರಿದುಕೊಳ್ಳುತ್ತಾರೆ. ಆಮೇಲೆ ‘ರೋಆನ್’ ಇದೆ, ಎಲ್ಲರೂ ಸೇರಿ ಅಂಗಳ ಗುಡಿಸುವುದು, ಚರಂಡಿ ತೊಳೆಯುವುದು. ಒಟ್ಟಿಗೆ ಚರಂಡಿ ತೊಳೆದವನ ಜೊತೆ ಜಾಸ್ತಿ ದಿನ ಮುನಿಸಿಕೊಂಡಿರಲು ಆಗುವುದಿಲ್ಲ, ಅಲ್ವಾ?

ಪಾಠದಲ್ಲೂ ಊರಿನ ಭಾಷೆ ಇದೆ. ಹಳೇ ಪದ್ಧತಿಯ ಪೆಸಾಂತ್ರೆನ್‌ಗಳಲ್ಲಿ ಅರಬ್ಬಿ ಗ್ರಂಥದ ಸಾಲಿನ ಕೆಳಗೆ ಪ್ರತಿ ಪದಕ್ಕೂ ಜಾವಾನೀಸ್ ಅರ್ಥವನ್ನು ಅರಬ್ಬಿ ಲಿಪಿಯಲ್ಲೇ, ಓರೆಯಾಗಿ ನೇತುಹಾಕಿದಂತೆ ಬರೆದುಕೊಳ್ಳುತ್ತಾರೆ. ಈ ಲಿಪಿಗೆ ಪೇಗೋನ್ ಅಂತ ಹೆಸರು. ಅರಬ್ಬಿ ಮಲಯಾಳಂ, ಅಂದರೆ ಅರಬ್ಬಿ ಲಿಪಿಯಲ್ಲಿ ಬರೆದ ಮಲಯಾಳಂ, ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅಜ್ಜಿ ಮಾತಾಡುವ ಭಾಷೆಯಲ್ಲೇ ಧರ್ಮದ ಪಾಠ ಕೇಳಿದ ಮಗುವಿಗೆ ಆ ಶಾಲೆ ಪೂರ್ತಿ ಪರಕೀಯ ಅನ್ನಿಸುವುದಿಲ್ಲ.

ಆದರೆ ಯಾರ ಅಜ್ಜಿಯ ಭಾಷೆ? ಪಕ್ಕದ ದ್ವೀಪ ಸುಮಾತ್ರಾದಿಂದ ಬಂದ ಹುಡುಗನಿಗೆ ಜಾವಾನೀಸ್ ಕೂಡ ಅರಬ್ಬಿಯಷ್ಟೇ ಹೊಸದು. ‘ಊರಿನ ಸಂಸ್ಕೃತಿ’ ಅಂದಾಗ ನಾವು ಸುಮ್ನೆ ದಾಟಿಬಿಡುವ ವಿಷಯ ಇದು. ಜಾವಾದ ಪೊನೊರೊಗೊ ಜಿಲ್ಲೆಯಲ್ಲಿ 1926ರಲ್ಲಿ ಶುರುವಾದ ಗೊಂತೋರ್ ಪೆಸಾಂತ್ರೆನ್ ಇನ್ನೊಂದು ದಾರಿ ಹಿಡಿಯಿತು. (ಅದನ್ನು ಕಟ್ಟಿದ ಮೂವರು ಅಣ್ಣತಮ್ಮಂದಿರನ್ನು ಅಲ್ಲಿ ಈಗಲೂ ‘ತ್ರಿಮೂರ್ತಿ’ ಅಂತಲೇ ಕರೆಯುತ್ತಾರೆ!) ಅಲ್ಲಿ ದಿನನಿತ್ಯದ ಮಾತು ಅರಬ್ಬಿ ಇಲ್ಲವೇ ಇಂಗ್ಲಿಷ್‌ನಲ್ಲಿ ಆಗಬೇಕು, ಯಾರ ಮನೆಭಾಷೆಗೂ ಮೇಲುಗೈ ಇಲ್ಲ. ಊರಿನ ಹೆಮ್ಮೆಗೆ ಜಾಗ ಸಿಗುವುದು ವರ್ಷದ ಆರಂಭದ ಪರಿಚಯದ ದಿನಗಳಲ್ಲಿ. ಆಗ ಒಂದೊಂದು ಪ್ರದೇಶದ ಹುಡುಗರು ತಮ್ಮೂರಿನ ಉಡುಪು ತೊಟ್ಟು ಮೆರವಣಿಗೆ ಹೋಗುತ್ತಾರೆ, ಪೊನೊರೊಗೊದ್ದೇ ಆದ, ನವಿಲುಗರಿಯ ದೊಡ್ಡ ಹುಲಿಮುಖ ಹೊತ್ತು ಕುಣಿಯುವ ರೆಯೋಗ್ ಕೂಡ ಇರುತ್ತದೆ. ನನಗೆ ಭಾಷೆಯ ನಿಯಮ ಸ್ವಲ್ಪ ಬಿಗಿ ಅನ್ನಿಸುತ್ತದೆ, ಆದರೆ ಲೆಕ್ಕಾಚಾರ ನ್ಯಾಯವಾದದ್ದೇ.

ನಿಮ್ಮಲ್ಲೂ ಇದೇ ತೊಡಕು. ದಫ್ ಬಾರಿಸಿದರೆ ಬ್ಯಾರಿ ಮಕ್ಕಳಿಗೆ ಮನೆ ಕಣ್ಮುಂದೆ ಬರಬಹುದು, ಉರ್ದು ಮಾತಾಡುವ ಹುಡುಗ ಮೂಲೆಯಲ್ಲಿ ಕೂತು ನೋಡುತ್ತಾನೆ. ಹಾಗಾಗಿ ವಾರಕ್ಕೊಂದು ಊಟ ಒಂದೇ ಹರಿವಾಣದಲ್ಲಿ ಆಗಲಿ, ಗುಂಪು ನೀವೇ ಬೆರೆಸಿ. ಒಂದು ವಾರ ಅಕ್ಕಿ ರೊಟ್ಟಿ, ಮೀನು ಸಾರು, ಇನ್ನೊಂದು ವಾರ ಉರ್ದು ಮಕ್ಕಳ ಮನೆಯ ಖಿಚಡಿ. ದಫ್ ಕಲಿಸುವ ಕೆಲಸ ಬ್ಯಾರಿ ಹುಡುಗನಿಗೇ ಕೊಡಿ, ಪ್ರವಾದಿಯನ್ನು ಹೊಗಳುವ ನಾತ್ ಹಾಡು ಕಲಿಸುವುದು ಉರ್ದು ಹುಡುಗನ ಪಾಲಿಗಿರಲಿ. ಹಿರಿಯ ಹುಡುಗರು ಕಿರಿಯರನ್ನು ಪೀಡಿಸುತ್ತಿದ್ದರೆ ಮಾತ್ರ ಇದ್ಯಾವುದೂ ಕೆಲಸ ಮಾಡುವುದಿಲ್ಲ, ಮೊದಲು ಅದನ್ನು ನಿಲ್ಲಿಸಿ.

ಇನ್ನೊಂದು ಮಾತು. ಅಲ್ಲಿನ ಹಲವು ಪೆಸಾಂತ್ರೆನ್‌ಗಳಲ್ಲಿ ಮೊದಲ 40 ದಿನ ಮನೆಯವರು ನೋಡಲು ಬರುವಂತಿಲ್ಲ. ಬಂದರೆ ಹುಡುಗ ಕ್ರಸಾನ್ ಆಗುವುದಿಲ್ಲ ಅನ್ನುವ ನಂಬಿಕೆ. ದಯವಿಟ್ಟು ಇದನ್ನು ನಕಲು ಮಾಡಬೇಡಿ. ಚಿಕ್ಕ ಮಕ್ಕಳಾದರೆ ವಾರಕ್ಕೆ ಎರಡು ಸಲ ಉಮ್ಮನಿಗೆ ಫೋನ್ ಹಚ್ಚಿಕೊಡಿ, ಅತ್ತರೂ ಪರವಾಗಿಲ್ಲ.