ಮಗಳ ಲ್ಯಾಬಿನ ಸೀಸೆ, ಅಮ್ಮನ ಕಾಲಿನ ಗಾಯ

ಪ್ರಶ್ನೆ: ಮಗಳು ಬೆಂಗಳೂರಿನ ಲ್ಯಾಬೊಂದರಲ್ಲಿ ಎಂ.ಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಒಂದು ಪುಟ್ಟ ಸೀಸೆಯ ಫೋಟೊ ಕಳಿಸಿ, ‘ಇದು ಮನುಷ್ಯರ ಇಜಿಎಫ್ ಪ್ರೋಟೀನ್, ಚರ್ಮದ ಜೀವಕೋಶ ಬೆಳೆಸೋಕೆ’ ಎಂದಳು. ನನಗೆ ಸೀಸೆ ಖಾಲಿ ಕಂಡಿತು. ಯಾರ ಮೈಯಿಂದ ತೆಗೆಯುತ್ತಾರೆ ಇದನ್ನ? ನನಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಎರಡು ತಿಂಗಳಾದರೂ ಮಾಯುತ್ತಿಲ್ಲ. ಒಂದು ಹನಿ ತರಿಸಿಕೊಂಡು ಹಚ್ಚಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಬೇಡಮ್ಮ, ಹಚ್ಚಲೇಬೇಡಿ.

ಅದು ಯಾರ ಮೈಯಿಂದಲೂ ತೆಗೆದದ್ದಲ್ಲ. ಇಜಿಎಫ್ ಅಂದರೆ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಚರ್ಮದಂಥ ಕಡೆಯ ಜೀವಕೋಶಗಳಿಗೆ ‘ಬೆಳೆಯಿರಿ’ ಎಂದು ಸೂಚನೆ ಕೊಡುವ ಪ್ರೋಟೀನ್. ನಮ್ಮೆಲ್ಲರ ಜೊಲ್ಲಿನಲ್ಲೂ ಇದೆ. ಪ್ರೋಟೀನಿನ ಮಣಿಗಳಂತಿರುವ ಅಮೈನೊ ಆಮ್ಲಗಳು 53 ಸೇರಿದ ಪುಟ್ಟ ಸರ. ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಹಸುಗೂಸು ಮರಿಗಳಿಗೆ ಚುಚ್ಚಿದ್ದರು. ಎರಡು ವಾರಕ್ಕೆ ಕಣ್ಣು ಬಿಡಬೇಕಾದ ಮರಿಗಳು ಒಂದೇ ವಾರಕ್ಕೆ ಬಿಟ್ಟವು! ಆ ಜಾಡು ಹಿಡಿದೇ ಇಜಿಎಫ್ ಸಿಕ್ಕಿದ್ದು. 1986ರಲ್ಲಿ ಅವರಿಗೆ ನೊಬೆಲ್ ಬಂತು. ಈಗ ಮನುಷ್ಯರ ಇಜಿಎಫ್ ಜೀನನ್ನು ಸಾಮಾನ್ಯವಾಗಿ ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರಿಂದಲೇ ಮಾಡಿಸುತ್ತಾರೆ. ಮನುಷ್ಯರ ಇನ್ಸುಲಿನ್ ಕೂಡ ಹೀಗೇ ಬಂದದ್ದು. ನಮ್ಮ ಬೆಂಗಳೂರಿನ ಬಯೋಕಾನ್ ಅದನ್ನು ಯೀಸ್ಟ್‌ನಿಂದ ಮಾಡಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು.

ಸೀಸೆ ಖಾಲಿ ಅಲ್ಲ. ಅದರಲ್ಲಿ 100 ಮೈಕ್ರೋಗ್ರಾಂ ಇದ್ದರೆ, ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲು. ಹೆಪ್ಪುಗಟ್ಟಿಸಿ ಒಣಗಿಸಿರುತ್ತಾರೆ. ತಳದಲ್ಲಿ ಉಸಿರು ತಾಗಿದ ಕನ್ನಡಿಯಷ್ಟು ಮಸುಕು, ಅಷ್ಟೇ. ನಾನು ಲ್ಯಾಬಿಗೆ ಸೇರಿದ ಹೊಸದರಲ್ಲಿ, ಸೀಸೆಯನ್ನು ಜೋರಾಗಿ ತಿರುಗಿಸಿ ಒಳಗಿನದನ್ನು ತಳಕ್ಕೆ ಇಳಿಸುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಒಂದು ಸುತ್ತು ತಿರುಗಿಸದೆ ಸೀಸೆ ತೆರೆದುಬಿಟ್ಟಿದ್ದೆ. ಪುಡಿ ಮುಚ್ಚಳದಲ್ಲೇ ಅಂಟಿಕೊಂಡಿತ್ತು. ಮುಚ್ಚಳ ಕಸಕ್ಕೆ ಹೋಯಿತು. ವಾರಗಟ್ಟಲೆ ಸಾಕಿದ್ದ ಚರ್ಮದ ಕೋಶಗಳು ಬೆಳೆಯಲೇ ಇಲ್ಲ. ಇಂದಿಗೂ ಅದು ನೆನಪಾದರೆ ಹೊಟ್ಟೆ ಚುರ್ ಅನ್ನುತ್ತದೆ. ಮಗಳಿಗೆ ಇದೊಂದು ಹೇಳಿ: ಮೊದಲು ತಿರುಗಿಸು, ಆಮೇಲೆ ತೆರೆ. ಕರಗಿಸುವಾಗ ಜೋರಾಗಿ ಅಲುಗಾಡಿಸಬೇಡ.

ಮನುಷ್ಯರದ್ದೇ ಪ್ರೋಟೀನ್, ಮತ್ಯಾಕೆ ಬೇಡ ಅಂತೀರಾ? ಸೀಸೆಯ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದು ಬರೆದಿರುತ್ತದೆ. ಸುಮ್ನೆ ಬರೆದದ್ದಲ್ಲ ಅದು. ಬ್ಯಾಕ್ಟೀರಿಯಾದ ಗೋಡೆಯ ಚೂರುಗಳು ಅದರಲ್ಲಿ ಉಳಿದಿರಬಹುದು. ತಟ್ಟೆಯಲ್ಲಿನ ಕೋಶ ಎಷ್ಟೋ ಸಲ ತಡೆದುಕೊಳ್ಳುತ್ತದೆ. ತೆರೆದ ಗಾಯ ಕೆರಳಬಹುದು. ರೋಗಿಗಳ ಮೇಲೆ ಬಳಸಬಹುದು ಎಂದು ಆ ಸೀಸೆಯನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ.

ಆದರೆ ನೀವು ಕೇಳಿದ್ದು ತಪ್ಪಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆಂದೇ ಔಷಧಿಯಾಗಿ ತಯಾರಿಸಿದ ಇಜಿಎಫ್ ಜೆಲ್ ನಮ್ಮ ದೇಶದಲ್ಲೇ ಸಿಗುತ್ತದೆ. ನಿಮಗೆ ಅದು ಬೇಕಾ, ಬೇಡವಾ ಎಂದು ವೈದ್ಯರೇ ನೋಡಿ ಹೇಳಬೇಕು. ಕಾಲಿಗೆ ರಕ್ತ ಸರಿಯಾಗಿ ಹರಿಯದಿದ್ದರೆ, ಒಳಗೆ ಕೀವಿದ್ದರೆ, ಜೆಲ್ ಒಂದರಿಂದಲೇ ಗಾಯ ಮಾಯುವುದಿಲ್ಲ. ಎರಡು ತಿಂಗಳು ಜಾಸ್ತಿಯೇ ಆಯ್ತಮ್ಮ. ನಾಳೆಯೇ ಆಸ್ಪತ್ರೆಗೆ ಹೋಗಿ. ಕಾಲಿಗೆ ಒತ್ತದ ಚಪ್ಪಲಿ ಹಾಕಿಕೊಳ್ಳಿ, ಬರಿಗಾಲಲ್ಲಿ ಹೋಗಬೇಡಿ.